ಹಾಕಿ ಸ್ಕೇಟ್ಸಾ, ಫಿಗರ್ ಸ್ಕೇಟ್ಸಾ? ಐದು ವಾರ ಬಿದ್ದೆದ್ದ ಮೇಲೆ ನನ್ನ ಲೆಕ್ಕ

ಟೊರೊಂಟೊಗೆ ಬಂದು ನಾಲ್ಕು ಚಳಿಗಾಲ ಕಳೆದಿದ್ದರೂ ನಾವು ಐಸ್ ಮೇಲೆ ಕಾಲಿಟ್ಟಿರಲಿಲ್ಲ. ಈ ಸಲ ಮಗಳು ಬಿಡಲಿಲ್ಲ. ಅವಳ ಕ್ಲಾಸಿನಲ್ಲಿ ಸ್ಕೇಟಿಂಗ್ ಬಾರದವಳು ಅವಳೊಬ್ಬಳೇ ಅಂತೆ. ಸರಿ ಅಂತ ಜನವರಿಯಿಂದ ಐದು ಶನಿವಾರ ನಾನು, ನನ್ನ ಗಂಡ, ಎಂಟು ವರ್ಷದ ಮಗಳು ರಿಂಕಿಗೆ, ಅಂದರೆ ಸ್ಕೇಟಿಂಗ್ ಮಾಡುವ ಐಸಿನ ಅಂಕಣಕ್ಕೆ, ಹೋದೆವು. ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಹೊರಗೆ ನಿಂತು ನೋಡುತ್ತಿದ್ದರು. ಯಾವುದು ನಮಗೆ ಸರಿ ಹೋಗುತ್ತೆ ಅಂತ ಗೊತ್ತಾಗಲಿ ಎಂದು ಬೇಕಂತಲೇ ಪ್ರತಿ ವಾರ ಏನಾದರೊಂದು ಬದಲಾಯಿಸಿದೆವು. ಒಂದು ವಾರ ಶೂ, ಇನ್ನೊಂದು ವಾರ ಜಾಗ, ಮತ್ತೊಂದು ವಾರ ಹಿಡಿದುಕೊಳ್ಳುವ ಆಸರೆ.

ಮೊದಲು ಶೂ, ಅಂದ್ರೆ ಅಡಿಯಲ್ಲಿ ಬ್ಲೇಡ್ ಇರುವ ಸ್ಕೇಟ್ಸ್ ವಿಷಯ ಹೇಳ್ತೀನಿ, ಯಾಕಂದ್ರೆ ಗಲಾಟೆ ಶುರುವಾಗಿದ್ದೇ ಅಲ್ಲಿ. ಬಾಡಿಗೆ ಕೌಂಟರಿನ ಹುಡುಗ "ಹಾಕಿನಾ, ಫಿಗರಾ?" ಅಂತ ಕೇಳಿದ. ಐಸ್ ಹಾಕಿ ಆಡುವವರ ಸ್ಕೇಟ್ಸ್ ಒಂದು, ಐಸ್ ಮೇಲೆ ಕುಣಿದು ಗಿರಗಿರ ತಿರುಗುವ ಫಿಗರ್ ಸ್ಕೇಟಿಂಗಿನದ್ದು ಇನ್ನೊಂದು. ನಮಗೇನು ಗೊತ್ತು? ಕಪ್ಪಗಿರೋದು ಗಂಡಸರದ್ದು, ಬೆಳ್ಳಗಿರೋದು ಹೆಂಗಸರದ್ದು ಅಂದುಕೊಂಡೆವು. ಗಂಡ ಹಾಕಿ ತಗೊಂಡರು, ನಾನು ಫಿಗರ್ ತಗೊಂಡೆ. ಆ ಲೆಕ್ಕ ಶುದ್ಧ ತಪ್ಪು. ಗಂಡು ಹೆಣ್ಣಿಗೂ ಇದಕ್ಕೂ ಸಂಬಂಧವಿಲ್ಲ, ಇರುವ ವ್ಯತ್ಯಾಸವೆಲ್ಲ ಬ್ಲೇಡಿನಲ್ಲಿ.

ಫಿಗರ್ ಸ್ಕೇಟ್ಸಿನ ಬ್ಲೇಡ್ ಉದ್ದ. ಹಿಮ್ಮಡಿಯಿಂದಲೂ ಸ್ವಲ್ಪ ಆಚೆಗೆ ಚಾಚಿಕೊಂಡಿರುತ್ತದೆ. ಮುಂದಿನ ತುದಿಯಲ್ಲಿ ಗರಗಸದ ಹಾಗೆ ಹಲ್ಲುಗಳಿರುತ್ತವೆ, ಅದಕ್ಕೆ ಟೋ ಪಿಕ್ ಅಂತಾರೆ. ಹಾಕಿ ಸ್ಕೇಟ್ಸಿನ ಬ್ಲೇಡ್ ಗಿಡ್ಡ. ಹಿಂದೆ ಮುಂದೆ ಎರಡೂ ಕಡೆ ಮೇಲಕ್ಕೆ ಬಾಗಿರುತ್ತದೆ, ಹಲ್ಲು ಇರುವುದಿಲ್ಲ. ಇಷ್ಟೇ ವ್ಯತ್ಯಾಸ. ಆದರೆ ಬೀಳುವ ರೀತಿಯೇ ಬೇರೆ. ಹಾಕಿ ಸ್ಕೇಟ್ಸಿನಲ್ಲಿ ಮೈ ಒಂಚೂರು ಹಿಂದಕ್ಕೆ ವಾಲಿದರೆ ಸಾಕು, ಹಿಂದೆ ತಡೆಯುವುದಕ್ಕೆ ಏನೂ ಇಲ್ಲ. ಕಾಲು ಮುಂದೆ ಹೋಗುತ್ತದೆ, ಕುಂಡೆ ಐಸಿಗೆ ಬಡಿಯುತ್ತದೆ. ಫಿಗರ್‌ನಲ್ಲಿ ನಡೆಯುವ ಹಾಗೆ ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿದರೆ ಟೋ ಪಿಕ್ ಕಚ್ಚಿಕೊಂಡು ಮುಗ್ಗರಿಸಿ ಬೀಳುತ್ತೀರಿ.

ಮೊದಲ ದಿನ ನಾನು ಮುಂದಕ್ಕೆ ನಾಲ್ಕು ಸಲ ಬಿದ್ದೆ, ಅವರು ಹಿಂದಕ್ಕೆ ಆರು ಸಲ. ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ರೋಲರ್ ಸ್ಕೇಟಿಂಗ್ ಮಾಡಿದ್ದೆ ಅನ್ನೋ ಧೈರ್ಯ ಅವರಿಗೆ. ಆ ಅಭ್ಯಾಸ ಜಾರುವುದಕ್ಕೆ ಸಹಾಯವೇನೋ ಮಾಡಿತು. ನಿಲ್ಲಿಸುವುದಕ್ಕೆ ಮಾತ್ರ ಒಂದಿಷ್ಟೂ ಬರಲಿಲ್ಲ. ಇಲ್ಲಿ ಉಜ್ಜಿ ನಿಲ್ಲಿಸಲು ಬ್ರೇಕಿನ ರಬ್ಬರ್ ಇಲ್ಲ, ಬ್ಲೇಡನ್ನೇ ಓರೆ ಮಾಡಿ ಐಸನ್ನು ಹೆರೆಯಬೇಕು.

ಎರಡನೇ ವಾರ ಅದಲು ಬದಲು ಮಾಡಿಕೊಂಡೆವು. ದೊಡ್ಡವರಾದ ಮೇಲೆ ಕಲಿಯುವವರಿಗೆ ನನ್ನ ಓಟು ಫಿಗರ್ ಸ್ಕೇಟ್ಸಿಗೆ. ಉದ್ದ ಬ್ಲೇಡಿನ ಮೇಲೆ ಸುಮ್ನೆ ನಿಲ್ಲುವುದೇ ಎಷ್ಟೋ ಸುಲಭ. ಬಿದ್ದರೂ ಮಂಡಿ, ಕೈ ಮೇಲೆ ಬೀಳುತ್ತೇವೆ, ತಲೆ ಹಿಂಬದಿಗೆ ಪೆಟ್ಟಾಗುವ ಭಯ ಕಡಿಮೆ. ಕಾಲನ್ನು ಹಿಂದಕ್ಕಲ್ಲ, ಪಕ್ಕಕ್ಕೆ ತಳ್ಳಬೇಕು ಅನ್ನುವುದು ತಲೆಗೆ ಹೋದ ದಿನ ಟೋ ಪಿಕ್ ಕಾಟವೂ ಮುಗಿಯಿತು. ಗಂಡ ಒಪ್ಪುವುದಿಲ್ಲ. ಚಕ್ಕಂತ ತಿರುಗಲು, ಚಕ್ಕಂತ ನಿಲ್ಲಲು ಹಾಕಿಯೇ ವಾಸಿ ಅಂತಾರೆ. ನಿಜವೇ. ಆದರೆ ಚಕ್ಕಂತ ತಿರುಗುವ ಮಟ್ಟಕ್ಕೆ ಬರುವ ತನಕ ಸೊಂಟ ಉಳಿಯಬೇಕಲ್ವಾ? ಮಗಳಿಗೆ ಯಾವುದಾದರೂ ನಡೆಯುತ್ತದೆ. ಆ ಎತ್ತರದಿಂದ ಬಿದ್ದರೆ ಪೆಟ್ಟು ಕಡಿಮೆ.

ಇದೆಲ್ಲಕ್ಕಿಂತ ಮುಖ್ಯ, ಶೂ ಬಿಗಿಯಾಗಿರಬೇಕು. ನಾನು ಚಳಿಗೆ ಹೆದರಿ ಎರಡು ಜೊತೆ ಉಣ್ಣೆ ಸಾಕ್ಸ್ ಹಾಕಿ, ಒಂದು ಸೈಜ್ ದೊಡ್ಡದು ತಗೊಂಡಿದ್ದೆ. ಕಾಲು ಒಳಗೇ ಈಜಾಡುತ್ತಿತ್ತು, ಹರಡು ಒಳಕ್ಕೆ ವಾಲಿಕೊಳ್ಳುತ್ತಿತ್ತು. ತೆಳು ಸಾಕ್ಸ್ ಒಂದೇ ಜೊತೆ ಸಾಕು. ದಿನಾ ಹಾಕುವ ಶೂಗಿಂತ ಅರ್ಧ ಅಥವಾ ಒಂದು ಸೈಜ್ ಕಡಿಮೆ ಕೇಳಿ. ಲೇಸ್ ಕಟ್ಟುವಾಗ ಬೆರಳುಗಳ ಹತ್ತಿರ ಸಡಿಲ ಬಿಡಿ. ಪಾದ ಮಡಚುವ ಜಾಗದಲ್ಲಿ ಹಲ್ಲು ಕಚ್ಚಿ ಎಳೆಯಿರಿ. ಮೇಲಿನ ಒಂದೆರಡು ಕೊಕ್ಕೆಗಳಲ್ಲಿ ಮತ್ತೆ ಸ್ವಲ್ಪ ಸಡಿಲ, ಇಲ್ಲದಿದ್ದರೆ ಮೊಣಕಾಲು ಬಗ್ಗುವುದಿಲ್ಲ. ಎದ್ದು ನಿಂತು ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಎದ್ದರೆ ಬಿಚ್ಚಿ ಮತ್ತೆ ಕಟ್ಟಿ. ನಾನು ಮೂರನೇ ವಾರ ಮೂರು ಸಲ ಕಟ್ಟಿದೆ. ಅವತ್ತು ಒಂದೇ ಸಲ ಬಿದ್ದೆ.

ಇನ್ನೊಂದು ಗುಟ್ಟು. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೆ ಸಣ್ಣ ಕಾಲುವೆಯ ಹಾಗೆ ತೋಡಿರುತ್ತಾರೆ. ಹಾಗಾಗಿ ಒಂದೇ ಬ್ಲೇಡಿಗೆ ಒಳಗೊಂದು, ಹೊರಗೊಂದು ಅಂತ ಎರಡು ಅಂಚು. ಆ ಅಂಚುಗಳೇ ಐಸನ್ನು ಕಚ್ಚುವುದು. ಒಂದು ಕಡೆ ನಮಗೆ ಸಿಕ್ಕ ಬಾಡಿಗೆ ಸ್ಕೇಟ್ಸ್ ಎಷ್ಟು ಮೊಂಡಾಗಿತ್ತೆಂದರೆ, ಪಕ್ಕಕ್ಕೆ ತಳ್ಳಿದರೆ ಕಾಲು ಸುಮ್ನೆ ಜಾರಿಕೊಂಡು ಹೋಗುತ್ತಿತ್ತು. ನನಗೇ ಬರುತ್ತಿಲ್ಲ ಅಂತ ಒಂದು ಗಂಟೆ ಬೈದುಕೊಂಡೆ. ಈಗ ಹಾಕಿಕೊಳ್ಳುವ ಮೊದಲೇ ಉಗುರನ್ನು ಅಂಚಿಗೆ ಅಡ್ಡಲಾಗಿ ಮೆತ್ತಗೆ ಎಳೆದು ನೋಡುತ್ತೇನೆ. ಉಗುರಿನ ಪುಡಿ ಬಂದರೆ ಹರಿತ ಇದೆ. ಇಲ್ಲದಿದ್ದರೆ ಬೇರೆ ಜೊತೆ ಕೇಳುತ್ತೇನೆ, ನಾಚಿಕೆ ಪಡುವುದಿಲ್ಲ.

ಜಾಗದ ವಿಷಯಕ್ಕೆ ಬಂದರೆ, ಬಯಲು ರಿಂಕ್ ಚೆಂದ, ಒಳಾಂಗಣ ರಿಂಕ್ ಉಪಯೋಗ. ಸಿಟಿ ಹಾಲ್ ಮುಂದಿನ ನೇಥನ್ ಫಿಲಿಪ್ಸ್ ಸ್ಕ್ವೇರ್ ಅಂತ ಒಂದು ಚೌಕ ಇದೆ, ಬೇಸಿಗೆಯಲ್ಲಿ ನೀರು ನಿಂತಿರುವ ಕೊಳವೇ ಚಳಿಗಾಲಕ್ಕೆ ರಿಂಕ್ ಆಗುತ್ತದೆ. ಕಮಾನುಗಳ ಕೆಳಗೆ ದೀಪ, ಪ್ರವೇಶ ಉಚಿತ. ಊರಿಗೆ ಕಳಿಸುವ ಫೋಟೋಗೆ ಇದಕ್ಕಿಂತ ಒಳ್ಳೆ ಜಾಗವಿಲ್ಲ. ಆದರೆ ಗಾಳಿಗೆ ಕಣ್ಣಲ್ಲಿ ನೀರು, ಮೇಲೆ ಉದುರಿದ ಹಿಮ, ಬ್ಲೇಡುಗಳು ಕೊರೆದ ಗೀರು. ಹೊಸಬರಿಗೆ ಆ ಗೀರುಗಳು ಸಾಕು ಕೆಡವಲು. ಮನೆ ಹತ್ತಿರದ ಒಳಾಂಗಣ ಅರೀನಾದಲ್ಲಿ 200 ಅಡಿ ಉದ್ದ, 85 ಅಡಿ ಅಗಲದ ಹಾಕಿ ಅಂಕಣ, ಸುತ್ತ ಗೋಡೆ, ಕೂರಲು ಬೆಂಚು. ನಡುನಡುವೆ ಜಾಂಬೋನಿ ಬರುತ್ತದೆ. 1949ರಲ್ಲಿ ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ ಮಾಡಿದ ಯಂತ್ರ ಅದು, ಹೆಸರೂ ಅವನದ್ದೇ. ಐಸಿನ ಮೇಲ್ಪದರವನ್ನು ತೆಳ್ಳಗೆ ಹೆರೆದು, ಹಿಂದೆ ಬಿಸಿನೀರು ಸವರಿಕೊಂಡು ಹೋಗುತ್ತದೆ. ಐಸಿಗೆ ಬಿಸಿನೀರಾ ಅಂತ ಅಪ್ಪನಿಗೆ ಆಶ್ಚರ್ಯ. ಮೇಲಿನ ಗೀರುಗಳನ್ನು ಸ್ವಲ್ಪ ಕರಗಿಸಿ, ಅದರ ಜೊತೆ ಸೇರಿಕೊಂಡು ನೀರು ಒಂದೇ ಸಮ ಗಟ್ಟಿಯಾಗುತ್ತದೆ. ಸಾರಣೆ ಮಾಡಿದ ನೆಲದ ಹಾಗೆ. ಜಾಂಬೋನಿ ಹೊರಗೆ ಹೋದ ಮೇಲಿನ ಹದಿನೈದು ನಿಮಿಷ ಹೊಸಬರಿಗೆ ಚಿನ್ನ. ಮೊದಲ ಎರಡು ಮೂರು ಸಲ ಒಳಗೇ ಹೋಗಿ. ಆಮೇಲೆ ಬಯಲಿಗೆ ಹೋದರೆ ಖುಷಿ.

ಆಸರೆ ವಿಷಯದಲ್ಲಿ ಮಾತ್ರ ನಾನು ಅಂದುಕೊಂಡಿದ್ದೆಲ್ಲ ತಲೆಕೆಳಗಾಯಿತು. ಮಕ್ಕಳಿಗೆ ಅಂತ ಸೀಲ್ ಪ್ರಾಣಿಯ ಆಕಾರದ ಪ್ಲಾಸ್ಟಿಕ್ ಗೊಂಬೆ, ಕಬ್ಬಿಣದ ಚೌಕಟ್ಟು ಬಾಡಿಗೆಗೆ ಸಿಗುತ್ತವೆ. ಅದನ್ನು ತಳ್ಳಿಕೊಂಡು ಮಗಳು ಮೊದಲ ದಿನವೇ ಐದು ಸುತ್ತು ಹೊಡೆದಳು. ಆಹಾ ಕಲಿತೇ ಬಿಟ್ಟಳು ಅಂದುಕೊಂಡೆ. ಎರಡು ವಾರವಾದ ಮೇಲೆ ಚೌಕಟ್ಟು ತೆಗೆದರೆ ನಿಲ್ಲುವುದಕ್ಕೂ ಬರಲಿಲ್ಲ. ಅಷ್ಟು ದಿನ ಅವಳು ಸೊಂಟ ಬಗ್ಗಿಸಿ, ಭಾರವೆಲ್ಲ ಕೈ ಮೇಲೆ ಹಾಕಿ ತಳ್ಳಿದ್ದಳು. ಗೋಡೆ ಹಿಡಿದುಕೊಂಡಿದ್ದ ನನ್ನ ಕಥೆಯೂ ಅಷ್ಟೇ, ಒಂದು ಕಡೆಗೇ ವಾಲಿಕೊಂಡಿದ್ದೆ. ಗಂಡನ ಕೈ ಹಿಡಿದಿದ್ದು ಇನ್ನೂ ದಂಡ. ಒಬ್ಬರು ಬಿದ್ದರೆ ಇಬ್ಬರೂ ಬಿದ್ದ ಹಾಗೆ.

ದಾರಿ ತೋರಿಸಿದ್ದು ಅಪ್ಪ. ರಿಂಕಿನ ಗೋಡೆಯಾಚೆಯಿಂದ ಕೂಗಿದರು: "ಸೊಂಟ ಬಗ್ಗಿಸ್ಬೇಡ ಮಾರಾಯ್ತಿ, ಮೊಣಕಾಲು ಬಗ್ಸು! ಮಳೆಗಾಲದಲ್ಲಿ ನಮ್ಮ ಅಂಗಳ ಹೇಗೆ ದಾಟ್ತಿದ್ದೆ ನೀನು?" ಪಾಚಿ ಕಟ್ಟಿದ ಅಂಗಳ. ಅಡಿಕೆ ದಬ್ಬೆ ಹಾಸಿದ ಕಡೆ ಬಿಟ್ಟು ಆಚೆ ಕಾಲಿಟ್ಟರೆ ಜಾರುತ್ತಿತ್ತು. ಅಲ್ಲಿ ಯಾರೂ ದಾಪುಗಾಲು ಹಾಕುವುದಿಲ್ಲ. ಮಂಡಿ ಸಡಿಲ ಬಿಟ್ಟು, ಕೈ ಎರಡೂ ಮುಂದಕ್ಕೆ ಅಗಲಿಸಿ, ಬಾತುಕೋಳಿ ಹಾಗೆ ಪುಟ್ಟ ಪುಟ್ಟ ಹೆಜ್ಜೆ. ಮೈಗೆ ಗೊತ್ತಿದ್ದದ್ದೇ. ಪಾದಗಳನ್ನು ಹೊರಮುಖ ಮಾಡಿ ಹಾಗೇ ನಡೆದೆ. ನಾಲ್ಕನೇ ಹೆಜ್ಜೆಗೆ ಜಾರಿಕೊಂಡು ಮುಂದೆ ಹೋದೆ, ಬೀಳಲಿಲ್ಲ.

ಮಗಳಿಗೂ ಚೌಕಟ್ಟು ಬಿಡಿಸಿ, ಮೊದಲು ಬೀಳುವುದನ್ನೇ ಕಲಿಸಿದೆವು. ಬೀಳ್ತೀನಿ ಅನ್ನಿಸಿದ ತಕ್ಷಣ ಕುಕ್ಕರಗಾಲಿಗೆ ಬಂದು ಪಕ್ಕಕ್ಕೆ ಒರಗಬೇಕು. ಬಿದ್ದ ಮೇಲೆ ಮುಷ್ಟಿ ಕಟ್ಟಬೇಕು, ಹಿಂದೆ ಬರುವವರ ಬ್ಲೇಡಿಗೆ ಬೆರಳು ಸಿಗಬಾರದು. ಏಳುವಾಗ ಮೊದಲು ಎರಡೂ ಮಂಡಿ ಊರಿ, ಒಂದು ಪಾದ ಮುಂದಿಟ್ಟು, ಆ ಮಂಡಿ ಮೇಲೆ ಎರಡೂ ಕೈ ಇಟ್ಟು ಏಳಬೇಕು. ಹತ್ತು ಸಲ ಬೇಕಂತ ಬಿದ್ದೆದ್ದಳು. ಅವತ್ತೇ ಚೌಕಟ್ಟಿಲ್ಲದೆ ಅರ್ಧ ಸುತ್ತು.

ಕ್ಲಾಸಿಗೆ ಸೇರಬೇಕಾ, ನಾವೇ ಕಲಿಯಬಹುದಾ? ದೊಡ್ಡವರು ಯೂಟ್ಯೂಬ್ ನೋಡಿ ಸಂಭಾಳಿಸಬಹುದು. ಮಕ್ಕಳಿಗೆ ಕ್ಲಾಸೇ ಸರಿ, ಅಪ್ಪ ಅಮ್ಮ ಹೇಳಿದರೆ ಕೇಳಲ್ಲ. ಇಲ್ಲಿ ಸ್ಕೇಟ್ ಕೆನಡಾ ಅನ್ನುವ ಫಿಗರ್ ಸ್ಕೇಟಿಂಗ್ ಸಂಸ್ಥೆಯವರ ಕ್ಯಾನ್‌ಸ್ಕೇಟ್ ಅಂತ ಹಂತ ಹಂತವಾಗಿ ಕಲಿಸುವ ಕ್ಲಾಸ್ ಇದೆ. ಐದನೇ ಹಂತ ಮುಗಿಯುವವರೆಗೆ ಸಿಎಸ್‌ಎ (ಕೆನಡಾದ ಗುಣಮಟ್ಟ ಸಂಸ್ಥೆ) ಗುರುತಿನ ಹಾಕಿ ಹೆಲ್ಮೆಟ್ ಕಡ್ಡಾಯ. ಸೈಕಲ್ ಹೆಲ್ಮೆಟ್ ನಡೆಯಲ್ಲ. ಮಗಳನ್ನು ಸೇರಿಸಿದ್ದೇವೆ, ಹೆಲ್ಮೆಟ್ಟೂ ತಗೊಂಡಾಯಿತು. ನಾನು ಹಳೆಯ ಫಿಗರ್ ಸ್ಕೇಟ್ಸ್ ಒಂದು ಜೊತೆ ಕೊಂಡು, ಸಾಣೆ ಹಿಡಿಸಿದ್ದೇನೆ. ಗಂಡ ಇನ್ನೂ ಬಾಡಿಗೆ ಹಾಕಿ ಸ್ಕೇಟ್ಸಿನಲ್ಲೇ ಇದ್ದಾರೆ. ಹೋದ ವಾರ ಮೂರೇ ಸಲ ಬಿದ್ದರು, ಮೂರೂ ಹಿಂದಕ್ಕೇ.