ಒಂದೇ ಫಲಿತಾಂಶ, ನಾಲ್ಕು ಚಿತ್ರ: ಯಾವುದನ್ನು ನಂಬಬೇಕು?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ನಾನು ಪ್ರಚಲಿತ ವಿದ್ಯಮಾನ ಪಾಠ ಮಾಡುತ್ತೇನೆ. 2023ರ ವಿಧಾನಸಭೆ ಚುನಾವಣೆಯನ್ನು ಪ್ರತಿ ಬ್ಯಾಚಿಗೂ ಹೇಳಲೇಬೇಕು. ಅದಕ್ಕೆ ಅಂತ ಎತ್ತಿಟ್ಟುಕೊಂಡಿದ್ದ ನಾಲ್ಕು ಬಗೆಯ ಚಿತ್ರಗಳನ್ನು ಒಂದು ದಿನ ಪಕ್ಕಪಕ್ಕ ಇಟ್ಟೆ. ಒಂದು ವೆಬ್‌ಸೈಟಿನ ಬಣ್ಣದ ನಕ್ಷೆ, ಟಿವಿಯಲ್ಲಿ ಬಂದ ಕಂಬಗಳು, ಪತ್ರಿಕೆಯ ಪಟ್ಟಿ, ಕ್ಷೇತ್ರಕ್ಕೊಂದು ಚೌಕದಂತೆ ಜೋಡಿಸಿದ ಚಿತ್ರ. ಕೇಳಿದ್ದು ಮೂರೇ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಯಾರಿಗೆ ಎಷ್ಟು ಸೀಟು? ಗೆದ್ದವರು ಎಷ್ಟು ಅಂತರದಿಂದ ಗೆದ್ದರು? 2018ಕ್ಕೆ ಹೋಲಿಸಿದರೆ ಜನರ ಮತದಲ್ಲಿ ಏನು ಬದಲಾಯಿತು?

ಎಲ್ಲರ ಕೈ ಮೊದಲು ಹೋಗಿದ್ದು ನಕ್ಷೆಗೆ. ತಮ್ಮ ಊರು ಥಟ್ಟನೆ ಸಿಗುತ್ತದೆ, ಅಲ್ವಾ? ಆದರೆ ಧಾರವಾಡ ಜಿಲ್ಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ನವಲಗುಂದ, ಕಲಘಟಗಿ, ಧಾರವಾಡ, ಮೂರೂ ಅಗಲವಾದ ಕ್ಷೇತ್ರಗಳು. ಮೂರರಲ್ಲೂ ಗೆದ್ದಿದ್ದು ಕಾಂಗ್ರೆಸ್. ಹುಬ್ಬಳ್ಳಿ-ಧಾರವಾಡ ಪೂರ್ವ, ಸೆಂಟ್ರಲ್, ಪಶ್ಚಿಮ ಈ ಮೂರೂ ಸೇರಿ ಮೊಬೈಲಿನಲ್ಲಿ ನನ್ನ ಹೆಬ್ಬೆರಳಿನಡಿ ಮುಚ್ಚಿಹೋಗುತ್ತವೆ. ಅದರಲ್ಲಿ ಎರಡು ಬಿಜೆಪಿಯವು. ಕುಂದಗೋಳ ಮಾತ್ರ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ‘ಆರು-ಒಂದು ಸರ್’ ಎಂದಳು ಮುಂದಿನ ಬೆಂಚಿನ ಹುಡುಗಿ. ನಿಜವಾದ ಲೆಕ್ಕ ನಾಲ್ಕು-ಮೂರು. ಅವಳದೇನೂ ತಪ್ಪಿಲ್ಲ. ನಕ್ಷೆ ಅಳೆಯುವುದು ನೆಲವನ್ನು, ವೋಟು ಹಾಕುವುದು ಜನ. ಹುಬ್ಬಳ್ಳಿಯ ಓಣಿಗಳಲ್ಲಿ ಕಿಕ್ಕಿರಿದು ಬದುಕುವವರಿಗಿಂತ ನವಲಗುಂದದ ಎರೆಹೊಲಗಳೇ ಅಲ್ಲಿ ಜಾಸ್ತಿ ಜಾಗ ಹಿಡಿಯುತ್ತವೆ.

ಅಂತರದ ವಿಷಯದಲ್ಲೂ ನಕ್ಷೆ ಕೈಕೊಟ್ಟಿತು. ಬೆಂಗಳೂರಿನ ಜಯನಗರದಲ್ಲಿ ಬಿಜೆಪಿ ಗೆದ್ದಿದ್ದು ಬರೀ 16 ಮತಗಳಿಂದ. ನಮ್ಮ ಸೆಂಟ್ರಲ್ ಕ್ಷೇತ್ರದಲ್ಲಿ ಅದೇ ಪಕ್ಷದ ಮಹೇಶ ಟೆಂಗಿನಕಾಯಿ ಅವರು ಜಗದೀಶ ಶೆಟ್ಟರ್ ಅವರನ್ನು ಸೋಲಿಸಿದ್ದು 34 ಸಾವಿರಕ್ಕೂ ಹೆಚ್ಚು ಮತಗಳಿಂದ. ಎರಡಕ್ಕೂ ಅದೇ ಗಾಢ ಬಣ್ಣ ಬಳಿದಿದ್ದಾರೆ. ಅಂತರ ಕಡಿಮೆ ಇದ್ದಲ್ಲಿ ಬಣ್ಣ ತಿಳಿಯಾಗಿಸಿದ್ದರೆ ಎಷ್ಟೋ ವಿಷಯ ತಾನಾಗಿಯೇ ತಿಳಿಯುತ್ತಿತ್ತು. ಇನ್ನು ಹುಡುಗರಿಗೆ ಹಂಚಲು ಜೆರಾಕ್ಸ್ ಮಾಡಿಸಿದೆ ನೋಡಿ, ಎರಡೂ ಪಕ್ಷಗಳು ಒಂದೇ ಬೂದು ಬಣ್ಣಕ್ಕೆ ಬಂದವು. ಕಾಲೇಜು, ಗ್ರಂಥಾಲಯ, ಕೋಚಿಂಗ್ ಎಲ್ಲ ಕಡೆ ಓದುವವರ ಕೈಗೆ ಬರುವುದು ಜೆರಾಕ್ಸೇ. ಚಿತ್ರ ಮಾಡುವವರು ಒಮ್ಮೆ ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಬೇಕು.

ಟಿವಿಯ ಕಂಬಗಳ ಮೇಲೆ ನನಗೆ ಸಿಟ್ಟೇ ಬಂತು. ಕಾಂಗ್ರೆಸ್ಸಿಗೆ ಸುಮಾರು 43 ಶೇಕಡಾ ಮತ, ಬಿಜೆಪಿಗೆ ಸುಮಾರು 36. ಅಂಕಿ ಸರಿಯಾಗೇ ಇದೆ. ಆದರೆ ಕಂಬ ಶುರುವಾಗಿದ್ದು ಸೊನ್ನೆಯಿಂದಲ್ಲ, 30ರಿಂದ. ಹಾಗಾಗಿ ಒಂದು 13 ಅಳತೆ ಎತ್ತರ, ಇನ್ನೊಂದು 6. ನೋಡಿದವರಿಗೆ ಎರಡು ಪಟ್ಟಿಗಿಂತ ಜಾಸ್ತಿ ಅನಿಸುತ್ತದೆ. ಇದನ್ನು ಯಾರು ಮಾಡಿದರೂ, ಯಾವ ಪಕ್ಷಕ್ಕೆ ಮಾಡಿದರೂ ಮೋಸವೇ.

ಪತ್ರಿಕೆಯ ಪಟ್ಟಿ ನೋಡಲು ನೀರಸ. 224 ಸಾಲು, ಇರುವೆ ಗಾತ್ರದ ಅಕ್ಷರ. ಆದರೂ ಮೊದಲ ಎರಡು ಪ್ರಶ್ನೆಗೆ ತಪ್ಪಿಲ್ಲದೆ ಉತ್ತರ ಸಿಕ್ಕಿದ್ದು ಅದರಲ್ಲೇ. ಜಿಲ್ಲಾವಾರು ಕೊಟ್ಟಿದ್ದರಿಂದ ಗದಗ ಎರಡು-ಎರಡು, ಹಾವೇರಿ ಐದು-ಒಂದು ಎಂದು ಹುಡುಗರು ಬೆರಳಾಡಿಸಿ ಎಣಿಸಿಬಿಟ್ಟರು. ಚೌಕಗಳ ಚಿತ್ರ ಸೀಟಿನ ಲೆಕ್ಕಕ್ಕೆ ನ್ಯಾಯವಾಗಿದೆ. ಆದರೆ ಅದರಲ್ಲಿ ಶಿರಹಟ್ಟಿ ಹುಡುಕುವಷ್ಟರಲ್ಲಿ ಪಿರಿಯಡ್ಡೇ ಮುಗಿಯುತ್ತಿತ್ತು. ಚೌಕದೊಳಗೆ ಹೆಸರು ಬರೆದಿದ್ದರೆ ನಕ್ಷೆಗಿಂತ ಇದನ್ನೇ ಮೊದಲು ಇಡುತ್ತಿದ್ದೆ.

ಮೂರನೇ ಪ್ರಶ್ನೆಗೆ ನಾಲ್ಕೂ ಉತ್ತರ ಕೊಡಲಿಲ್ಲ. ಕೊನೆಗೆ ನಾನೇ ಬೋರ್ಡಿನ ಮೇಲೆ ಎಡಕ್ಕೆ 2018, ಬಲಕ್ಕೆ 2023 ಎಂದು ಎರಡು ನೆಟ್ಟನೆಯ ಗೆರೆ ಎಳೆದೆ. ಬಿಜೆಪಿಯ ಸೀಟು ಅಲ್ಲಿ 104, ಇಲ್ಲಿ 66. ಸೇರಿಸಿದ ಗೆರೆ ಕಡಿದಾಗಿ ಇಳಿಯಿತು. ಪಕ್ಕದಲ್ಲೇ ಇನ್ನೆರಡು ಗೆರೆ ಹಾಕಿ ಅದೇ ಪಕ್ಷದ ಮತ ಪ್ರಮಾಣ ಗುರುತಿಸಿದೆ. ಅಲ್ಲೂ ಸುಮಾರು 36, ಇಲ್ಲೂ ಸುಮಾರು 36. ಗೆರೆ ಹೆಚ್ಚುಕಡಿಮೆ ಮಲಗಿಬಿಟ್ಟಿತು. ಕ್ಲಾಸು ಸುಮ್ನೆ ಕೂತಿತು. ಅಲ್ಲಿಯವರೆಗೆ ಬಿಜೆಪಿಯ ಮತವೂ ಕುಸಿದಿದೆ ಎಂದೇ ಹೆಚ್ಚಿನವರು ತಿಳಿದಿದ್ದರು. ಕಾಂಗ್ರೆಸ್ಸಿನ ಗೆರೆ 38ರಿಂದ 43ರ ಹತ್ತಿರಕ್ಕೆ ಏರಿತ್ತು, ಜೆಡಿಎಸ್ಸಿನದು 18ರಿಂದ 13ರ ಹತ್ತಿರಕ್ಕೆ ಇಳಿದಿತ್ತು. ‘ಹಾಗಾದ್ರೆ ಅವರ ವೋಟೇ ಇವರಿಗೆ ಹೋಯ್ತಾ?’ ಎಂದು ಒಬ್ಬ ಕೇಳಿದ. ಅದನ್ನು ಈ ಗೆರೆ ಹೇಳುವುದಿಲ್ಲ. ಯಾವ ಮತದಾರ ಎಲ್ಲಿಂದ ಎಲ್ಲಿಗೆ ಹೋದ ಎಂಬುದು ಒಟ್ಟು ಲೆಕ್ಕದಲ್ಲಿ ಕಾಣಿಸದು. ಇಷ್ಟನ್ನೂ ಅವತ್ತೇ ಹೇಳಿಬಿಟ್ಟೆ.

ಈಗ ನನ್ನ ಕ್ಲಾಸಿನಲ್ಲಿ ಗೋಡೆಗೆ ಅಂಟಿಸಿರುವುದು ಎರಡೇ: ಆ ಪಟ್ಟಿ, ಮತ್ತೆ ಗ್ರಾಫ್ ಹಾಳೆಯ ಮೇಲೆ ಇಳಿಸಿದ ಆ ಗೆರೆಗಳು. ನವೆಂಬರ್ 2024ರಲ್ಲಿ ಶಿಗ್ಗಾಂವಿ ಉಪಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಾಗ, ಹಾವೇರಿ ಕಡೆಯ ಹುಡುಗಿಯೊಬ್ಬಳು ಬೆಂಚು ಹತ್ತಿ ನಿಂತು, ಪಟ್ಟಿಯಲ್ಲಿ ಐದು-ಒಂದನ್ನು ಹೊಡೆದು ಹಾಕಿ ಪೆನ್ಸಿಲಿನಲ್ಲಿ ಆರು-ಸೊನ್ನೆ ಎಂದು ಬರೆದಳು. ಪಕ್ಕದಲ್ಲಿ ತಾರೀಖನ್ನೂ ಹಾಕಿದಳು.