ಸ್ಪಿನ್ ಐಸ್ ಅಧ್ಯಯನಕ್ಕೆ ಡಿಸ್ಪ್ರೋಸಿಯಮ್ ಟೈಟನೇಟೋ, ಹೋಲ್ಮಿಯಮ್ ಟೈಟನೇಟೋ?

ಈ ಎರಡು ಆಕ್ಸೈಡುಗಳನ್ನೂ ನಾನು ಪುಡಿಯ ಹಂತದಿಂದ ತಯಾರಿಸಿ ಅಳೆದಿದ್ದೇನೆ. ರಚನೆಯಲ್ಲಿ ಇವು ಅವಳಿಗಳು. ಎರಡರಲ್ಲಿಯೂ ಕಾಂತೀಯ ಅಯಾನುಗಳು ಮೂಲೆಗೆ ಮೂಲೆ ಸೇರಿದ ಚತುಷ್ಫಲಕಗಳ ಜಾಲದಲ್ಲಿರುತ್ತವೆ. ಪ್ರತಿಯೊಂದು ಸ್ಪಿನ್, ಅಂದರೆ ಅಯಾನಿನ ಪುಟ್ಟ ಕಾಂತ, ಚತುಷ್ಫಲಕದ ಕೇಂದ್ರದತ್ತ ಅಥವಾ ಅದರಿಂದ ಹೊರಕ್ಕೆ ಮಾತ್ರ ತಿರುಗಬಲ್ಲದು. ಎರಡು ಒಳಮುಖ, ಎರಡು ಹೊರಮುಖ ಎಂಬ ನಿಯಮವನ್ನು ಅಸಂಖ್ಯ ರೀತಿಗಳಲ್ಲಿ ಪಾಲಿಸಬಹುದಾದ್ದರಿಂದ, ಎಷ್ಟು ತಂಪಾಗಿಸಿದರೂ ಸ್ಪಿನ್‌ಗಳು ಒಂದೇ ವಿನ್ಯಾಸಕ್ಕೆ ಒಗ್ಗುವುದಿಲ್ಲ; ನೀರಿನ ಮಂಜುಗಡ್ಡೆಯಲ್ಲಿ ಹೈಡ್ರೋಜನ್‌ಗಳ ಜೋಡಣೆಯನ್ನು ಹೋಲುವ ಈ ಸ್ಥಿತಿಯೇ ಸ್ಪಿನ್ ಐಸ್. ಅಯಾನಿನ ಕಾಂತೀಯ ಮೊಮೆಂಟ್ ಸುಮಾರು 10 ಬೋರ್ ಮ್ಯಾಗ್ನೆಟಾನ್ (ಪರಮಾಣು ಮಟ್ಟದ ಕಾಂತತ್ವದ ಏಕಮಾನ) ಆಗಿದ್ದರೂ, ಸ್ಪಿನ್‌ಗಳ ದಿಕ್ಕಿಗಿರುವ ಈ ಕಟ್ಟಿನಿಂದಾಗಿ 2 ಕೆಲ್ವಿನ್‌ನಲ್ಲಿ ಪುಡಿಯ ಕಾಂತತ್ವ ಅದರ ಅರ್ಧದ ಬಳಿ ನಿಲ್ಲುತ್ತದೆ. ಈ ಅಳತೆಯೊಂದರಿಂದ ಎರಡನ್ನೂ ಬೇರ್ಪಡಿಸಲಾಗದು.

ವ್ಯತ್ಯಾಸ ಎದ್ದು ಕಾಣುವುದು ವಿಶಿಷ್ಟೋಷ್ಣದಲ್ಲಿ; ಎಂಟ್ರಪಿ, ಅಂದರೆ ಅವ್ಯವಸ್ಥೆಯ ಅಳತೆ, ಸಿಗುವುದು ಅದರಿಂದಲೇ. ನೀರಿನ ಮಂಜುಗಡ್ಡೆಗಾಗಿ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ 1935ರಲ್ಲಿ ಲೆಕ್ಕ ಹಾಕಿದ ಉಳಿಕೆ ಎಂಟ್ರಪಿಗೆ ಸಮನಾದುದು, ಅಂದರೆ ಡಿಸ್ಪ್ರೋಸಿಯಮ್‌ನ ಪ್ರತಿ ಮೋಲ್‌ಗೆ ಕೆಲ್ವಿನ್‌ಗೆ ಸುಮಾರು 1.68 ಜೂಲ್, ಡಿಸ್ಪ್ರೋಸಿಯಮ್ ಟೈಟನೇಟ್‌ನಲ್ಲಿದೆ ಎಂದು 1999ರಲ್ಲಿ ರಾಮಿರೆಜ್ ಮತ್ತು ಸಂಗಡಿಗರು ತೋರಿಸಿದರು. ಹೋಲ್ಮಿಯಮ್‌ನಲ್ಲಿ ಈ ಲೆಕ್ಕ ಕಠಿಣ. ಅದರ ಏಕೈಕ ಸ್ಥಿರ ಐಸೋಟೋಪಿನ ನ್ಯೂಕ್ಲಿಯಸ್ಸಿಗೆ 7/2 ಸ್ಪಿನ್ ಇರುವುದರಿಂದ 0.3 ಕೆಲ್ವಿನ್ ಸುತ್ತ ದೊಡ್ಡದೊಂದು ಶಾಟ್ಕಿ ಶಿಖರ (ನ್ಯೂಕ್ಲಿಯಸ್ಸಿನ ಶಕ್ತಿಮಟ್ಟಗಳು ಶಾಖ ಹೀರುವುದರಿಂದ ವಿಶಿಷ್ಟೋಷ್ಣದಲ್ಲಿ ಕಾಣುವ ಉಬ್ಬು) ಏಳುತ್ತದೆ. ಅದನ್ನು ಕಳೆದ ಮೇಲೆ ಉಳಿಯುವ ಎಲೆಕ್ಟ್ರಾನಿಕ್ ಭಾಗದ ಮೇಲೆ ನನಗೆ ಅಷ್ಟು ಭರವಸೆ ಮೂಡುವುದಿಲ್ಲ.

ಎಸಿ ಕಾಂತಪ್ರವೃತ್ತಿಯಲ್ಲಿಯೂ, ಅಂದರೆ ಏರಿಳಿಯುವ ಕಾಂತಕ್ಷೇತ್ರಕ್ಕೆ ವಸ್ತು ತೋರುವ ಪ್ರತಿಕ್ರಿಯೆಯಲ್ಲಿಯೂ, ಡಿಸ್ಪ್ರೋಸಿಯಮ್‌ನದೇ ಮೇಲುಗೈ. ಆವರ್ತನ ಕಿಲೋಹರ್ಟ್ಸ್ ಮಟ್ಟದಲ್ಲಿದ್ದಾಗ 16 ಕೆಲ್ವಿನ್ ಸುತ್ತ ಸ್ಪಿನ್‌ಗಳು ನಿಧಾನಗೊಳ್ಳುವ ಶಿಖರ ಸಾಮಾನ್ಯ ದ್ರವ ಹೀಲಿಯಮ್ ಉಪಕರಣದಲ್ಲಿಯೇ ಸಿಗುತ್ತದೆ, ಮತ್ತು ಆವರ್ತನ ಹೆಚ್ಚಿಸಿದಂತೆ ಅದು ಬಿಸಿಯ ಕಡೆಗೆ ಸರಿಯುವುದನ್ನು ಪರದೆಯ ಮೇಲೆ ನೋಡುವುದು ನನಗೆ ಇಂದಿಗೂ ಸಂತೋಷದ ಸಂಗತಿ. ಹೋಲ್ಮಿಯಮ್‌ನಲ್ಲಿ ಹೊರಗಿನ ಕಾಂತಕ್ಷೇತ್ರವಿಲ್ಲದೆ ಈ ಶಿಖರ ಕಾಣಿಸುವುದಿಲ್ಲ.

ಆದರೆ ನ್ಯೂಟ್ರಾನ್ ಪ್ರಯೋಗಕ್ಕೆ ಬಂದಾಗ ತಕ್ಕಡಿ ತಿರುಗುತ್ತದೆ. ಸಹಜ ಡಿಸ್ಪ್ರೋಸಿಯಮ್ ಹೋಲ್ಮಿಯಮ್‌ಗಿಂತ ಸುಮಾರು 15 ಪಟ್ಟು ಹೆಚ್ಚು ನ್ಯೂಟ್ರಾನ್‌ಗಳನ್ನು ನುಂಗುತ್ತದೆ. 162 ದ್ರವ್ಯಸಂಖ್ಯೆಯ ಐಸೋಟೋಪನ್ನು ಬಳಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದಾದರೂ ಅದು ದುಬಾರಿ. ಸ್ಪಿನ್ ಐಸ್‌ನ ಗುರುತಾದ ಪಿಂಚ್ ಪಾಯಿಂಟ್‌ಗಳನ್ನು (ಚದುರಿದ ನ್ಯೂಟ್ರಾನ್‌ಗಳ ಚಿತ್ರದಲ್ಲಿ ಹಿಂಡಿದಂತೆ ಕಿರಿದಾಗುವ ಬಿಂದುಗಳನ್ನು) 2009ರಲ್ಲಿ ಧ್ರುವೀಕೃತ ನ್ಯೂಟ್ರಾನ್‌ಗಳಿಂದ ಸ್ಪಷ್ಟವಾಗಿ ಕಂಡದ್ದು ಹೋಲ್ಮಿಯಮ್ ಹರಳಿನಲ್ಲಿಯೇ.

ತಯಾರಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಹೋಲ್ಮಿಯಮ್ ಆಕ್ಸೈಡು ಹಗಲಿನಲ್ಲಿ ತಿಳಿ ಹಳದಿಯಾಗಿ, ಟ್ಯೂಬ್‌ಲೈಟಿನಡಿ ಗುಲಾಬಿಯಾಗಿ ಕಾಣುವುದರಿಂದ ಬಟ್ಟಲುಗಳು ಅದಲುಬದಲಾಗುವ ಭಯವಿಲ್ಲ. ನ್ಯೂಟ್ರಾನ್ ಕೇಂದ್ರದಲ್ಲಿ ಸಮಯ ದೊರೆತಿರುವವರು ಹೋಲ್ಮಿಯಮ್ ಹರಳನ್ನು ಬೆಳೆಸಲಿ. ಕಾಂತಮಾಪಕ ಮತ್ತು ಹೀಲಿಯಮ್-3 ಶೈತ್ಯಯಂತ್ರವಷ್ಟೇ ಇರುವ ಪ್ರಯೋಗಾಲಯಕ್ಕೆ ನಾನು ಡಿಸ್ಪ್ರೋಸಿಯಮ್ ಟೈಟನೇಟನ್ನೇ ಸೂಚಿಸುತ್ತೇನೆ.