12 ಇಂಚಿನ ಬಾಲಯೇಸು ಸ್ವರೂಪ: ಮೊದಲು ಬೆರಳು ನೋಡಿ, ಆಮೇಲೆ ಮುಖ

ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರದ ನೊವೇನಾ ಪ್ರಾರ್ಥನೆ ಮುಗಿಸಿ ಬರುವವರು ಹೊರಗಿನ ಅಂಗಡಿಗಳಲ್ಲಿ ಬಾಲಯೇಸುವಿನ ಒಂದು ಸ್ವರೂಪ, ಅಂದರೆ ಪ್ರತಿಮೆ, ಕೊಂಡು ಹೋಗುವುದುಂಟು. ಮನೆಯ ಪೀಠಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ 12 ಇಂಚಿನದು ಸಾಕು. ದೊಡ್ಡದೇ ಬೇಕೆಂಬ ಹಟ ಬೇಡ, ಇವಕ್ಕೆಲ್ಲ ಮಾದರಿಯಾದ, ಯುರೋಪಿನ ಪ್ರಾಗ್ ನಗರದ ಮೂಲ ಸ್ವರೂಪವೇ 47 ಸೆಂ.ಮೀ. ಎತ್ತರದ್ದು.

ಎಲ್ಲರೂ ಮುಖ ನೋಡಿ ಕೊಳ್ಳುತ್ತಾರೆ. ನೋಡಬೇಕಾದ್ದು ಬಲಗೈ. ಆಶೀರ್ವಾದಕ್ಕೆ ಎತ್ತಿದ ಎರಡು ಬೆರಳು ಕಡ್ಡಿಯಷ್ಟು ತೆಳ್ಳಗಿರುತ್ತವೆ, ಬುಡದಲ್ಲಿ ಕೂದಲೆಳೆಯ ಬಿರುಕಿದ್ದರೂ ಮೇಲಿನ ಬಣ್ಣ ಅದನ್ನು ಮುಚ್ಚಿರುತ್ತದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಆಮೇಲೆ ಎಡಗೈಯಲ್ಲಿರುವ, ಜಗತ್ತನ್ನು ಸೂಚಿಸುವ ಗೋಳ. ಅದನ್ನು ಬೇರೆ ತುಂಡಾಗಿ ಅಂಟಿಸಿದ್ದರೆ ಮೆಲ್ಲಗೆ ಅಲುಗಿಸಿ ನೋಡಿ. ಕಿರೀಟ ತೆಗೆದು ಹಾಕುವಂತಿರಲಿ, ಇಲ್ಲದಿದ್ದರೆ ಬಟ್ಟೆ ಬದಲಿಸುವಾಗ ಪೇಚಾಟ. ರೆಸಿನ್‌ನದ್ದು ಬೇಗ ಒಡೆಯುವುದಿಲ್ಲ, ಆದರೆ ಅಗ್ಗದವುಗಳಲ್ಲಿ ಕಣ್ಣು ಬರೆದಿರುವ ರೀತಿಗೆ ಮುಖ ಜಾತ್ರೆ ಬೊಂಬೆಯಂತಾಗಿರುತ್ತದೆ.

ಬೆರಳು ಮುರಿಯುವುದು ಹೆಚ್ಚಾಗಿ ಬಟ್ಟೆ ತೊಡಿಸುವಾಗ. ಸಿದ್ಧ ಉಡುಪಿನ ತೋಳು ಕೊಳವೆಯಂತೆ ಹೊಲಿದಿರುತ್ತದೆ. ಅದರೊಳಗೆ ಎತ್ತಿದ ಕೈಯನ್ನು ತೂರಿಸಲು ಹೋದರೆ ಮುಗಿಯಿತು. ತೋಳಿನ ಕೆಳಹೊಲಿಗೆ ಬಿಚ್ಚಿಸಿ ಎರಡು ಟಿಚ್ ಬಟನ್ ಹಾಕಿಸಿ, ಬೆನ್ನಿಗೆ ಉದ್ದಕ್ಕೂ ವೆಲ್ಕ್ರೋ ಇರಲಿ. ಹೊಸದಾಗಿ ಹೊಲಿಸುವುದಾದರೆ ಅರ್ಧ ಮೀಟರ್ ಸ್ಯಾಟಿನ್ ಧಾರಾಳ. ಬಣ್ಣ ಪೂಜಾವಿಧಿಯ ಕಾಲಕ್ಕೆ ತಕ್ಕಂತೆ: ಕ್ರಿಸ್ಮಸ್‌ಗೂ ಈಸ್ಟರ್‌ಗೂ ಬಿಳಿ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೂ ನೇರಳೆ, ಪವಿತ್ರಾತ್ಮರ ಹಬ್ಬವಾದ ಪೆಂತಕೋಸ್ತಕ್ಕೆ ಕೆಂಪು, ಉಳಿದ ದಿನಗಳಿಗೆ ಹಸಿರು. ನಾಲ್ಕು ಜೊತೆ ಇದ್ದರೆ ವರ್ಷ ಸಾಗುತ್ತದೆ.

ಮುರಿದರೆ ತುಂಡನ್ನು ಎಸೆಯಬೇಡಿ. ತೆಳುವಾಗಿ ಫೆವಿಕಾಲ್ ಸವರಿ, ಟೇಪ್ ಸುತ್ತಿ ಒಂದು ದಿನ ಬಿಡಿ. ತುಂಡು ಕಳೆದುಹೋಗಿದ್ದರೆ ಎಂ-ಸೀಲ್ ಎಂಬ ಅಂಟುಮೇಣದ ಎರಡೂ ಭಾಗ ಸಮನಾಗಿ ಕಲಸಿ ಬೆರಳು ಮಾಡಿ, ರಾತ್ರಿ ಒಣಗಿಸಿ, ನಯವಾದ ಉಪ್ಪುಕಾಗದದಿಂದ ತಿಕ್ಕಿ ಅಕ್ರಿಲಿಕ್ ಬಣ್ಣ ಹಚ್ಚಿ. ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಪ್ಲಾಸ್ಟರ್ ನೀರು ಹೀರಿ ಬಣ್ಣ ಗುಳ್ಳೆ ಏಳುತ್ತದೆ, ಒಣ ಬ್ರಷ್ ಸಾಕು. ಬಚ್ಚಲಿಗೆ ಅಂಟಿದ ಗೋಡೆಯ ಮೇಲೆ ಇಟ್ಟರೂ ಅದೇ ಗತಿ.

ಕೈ ಮುರಿದದ್ದು ಅಪಶಕುನ ಎಂದು ಹೆದರುವವರಿಗೆ ಒಂದು ಮಾತು. 1628ರಲ್ಲಿ ಪೊಲಿಕ್ಸೆನಾ ಲೋಬ್ಕೊವಿಟ್ಸ್ ಎಂಬ ಶ್ರೀಮಂತ ಮನೆತನದ ಮಹಿಳೆ ಪ್ರಾಗ್‌ನ ಕಾರ್ಮೆಲ್ ಸಭೆಯ ಸನ್ಯಾಸಿಗಳ ಮಠಕ್ಕೆ ಕೊಟ್ಟ ಮೂಲ ಸ್ವರೂಪವನ್ನು 1631ರಲ್ಲಿ ಸ್ಯಾಕ್ಸನ್ ಸೈನಿಕರು ನುಗ್ಗಿದಾಗ ಕಸದಲ್ಲಿ ಎಸೆಯಲಾಗಿತ್ತು. ವರ್ಷಗಳ ನಂತರ ಆ ಮಠದ ಫಾದರ್ ಸಿರಿಲ್ ಅದನ್ನು ಹುಡುಕಿ ತೆಗೆದಾಗ ಎರಡೂ ಕೈ ಇರಲಿಲ್ಲ. ಅವರು ಹಾಗೆಯೇ ಅದರ ಮುಂದೆ ಮೊಣಕಾಲೂರಿದರು.

ಗೋಳದ ವಿಷಯಕ್ಕೆ ಬಂದರೆ, ಫ್ರಾನ್ಸಿನ ಲಿಸ್ಯೂ ಮಠದ ಸನ್ಯಾಸಿನಿ ಸಂತ ತೆರೇಸಾ (1873–1897) ನೆನಪಾಗುತ್ತಾರೆ. ಮಠದಲ್ಲಿ ಬಾಲಯೇಸುವಿನ ಸ್ವರೂಪವನ್ನು ಅಲಂಕರಿಸುವ ಕೆಲಸ ಅವರದಾಗಿತ್ತು. ತಾನು ಆ ಮಗುವಿನ ಕೈಯ ಬೆಲೆಯಿಲ್ಲದ ಚೆಂಡು ಎಂದುಕೊಂಡಿದ್ದರು: ಒದೆಯಲಿ, ಚುಚ್ಚಿ ನೋಡಲಿ, ಮೂಲೆಯಲ್ಲಿ ಮರೆತುಬಿಡಲಿ, ಬೇಕೆನಿಸಿದರೆ ಎದೆಗೆ ಒತ್ತಿಕೊಳ್ಳಲಿ. ಮಕ್ಕಳಂತಾಗಿ ಎಂಬ ಮತ್ತಾಯ 18:3ರ ಮಾತಿಗೆ ಇಷ್ಟು ಖಡಕ್ಕಾದ ಅರ್ಥ ಕಡಿಮೆ ಜನ ಕೊಟ್ಟಿದ್ದಾರೆ. ಮುದ್ದುತನಕ್ಕೂ ಇದಕ್ಕೂ ಸಂಬಂಧವಿಲ್ಲ, ಆಟ ಯಾರದು ಎಂಬುದನ್ನು ಬಿಟ್ಟುಕೊಡುವುದು ಇದು.

ಸ್ವರೂಪದ ಜೊತೆ ಕೆಲವೊಮ್ಮೆ ಒಂದು ಚೀಟಿ ಸಿಗುತ್ತದೆ: ಇಷ್ಟು ದಿನ ಜಪಿಸಿ, ಇಷ್ಟು ಪ್ರತಿ ಹಂಚಿ, ಕೆಲಸ ಖಂಡಿತ. ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಹೊರಗಿನ ಆಚರಣೆಯಿಂದಲೇ ಪ್ರಾರ್ಥನೆ ಫಲಿಸುತ್ತದೆ ಎಂದು ನಂಬುವುದನ್ನು ಕಥೋಲಿಕ ಧರ್ಮೋಪದೇಶದ 2111ನೇ ಪರಿಚ್ಛೇದ ಮೂಢನಂಬಿಕೆ ಎಂದೇ ಕರೆಯುತ್ತದೆ. ಒಂಬತ್ತು ದಿನದ ನೊವೇನಾ ಮಾಡಿ, ಬೇಕಾದ್ದನ್ನು ಹೆಸರು ಹಿಡಿದು ಕೇಳಿ, ಕೊನೆಗೆ ‘ನಿನ್ನ ಚಿತ್ತ’ ಎಂದು ಸೇರಿಸಿ. ಆ ಎರಡು ಪದ ಚೀಟಿಯಲ್ಲಿ ಇರುವುದಿಲ್ಲ.

ಪ್ಲಾಸ್ಟರ್ ಸ್ವರೂಪಕ್ಕೆ ಐದಕ್ಕೆ ಮೂರೂವರೆ. ಅರ್ಧ ಅಂಕ ಕೊಳವೆ ತೋಳಿಗೆ ಹೋಯಿತು, ಒಂದು ಆ ಚೀಟಿಗೆ.